ಊರು ಬಿಟ್ಟವರು ಮತ್ತು ಊರಿನ ಯುದ್ಧ

ಕೆನಡಾದ ಬ್ರಾಂಪ್ಟನ್ ನಗರದ ಉದ್ಯಾನವೊಂದರಲ್ಲಿ 2025ರ ಮೇ ತಿಂಗಳಲ್ಲಿ ಸ್ಮಾರಕವೊಂದು ಅನಾವರಣಗೊಂಡಿತು. ಶ್ರೀಲಂಕಾದ ಅಂತರ್ಯುದ್ಧದಲ್ಲಿ ಹತರಾದ ತಮಿಳರ ನೆನಪಿಗಾಗಿ ನಿರ್ಮಿಸಿದ ಅದಕ್ಕೆ ತಮಿಳು ನರಮೇಧದ ಸ್ಮಾರಕವೆಂದೇ ಹೆಸರು. ಕೊಲಂಬೊ ಕೆರಳಿತು. ಕೆನಡಾದ ಹೈಕಮಿಷನರ್‌ರನ್ನು ಕರೆಸಿಕೊಂಡು ತನ್ನ ಆಕ್ಷೇಪವನ್ನು ತಿಳಿಸಿತು. ಇದಕ್ಕಿಂತ ಆರು ತಿಂಗಳ ಹಿಂದೆ, 2024ರ ನವೆಂಬರ್‌ನಲ್ಲಿ, ಶ್ರೀಲಂಕಾದಲ್ಲಿ ಸಂಸತ್ ಚುನಾವಣೆ ನಡೆದಿತ್ತು. ತಮಿಳರ ಹೃದಯಭಾಗವೆನಿಸಿದ ಜಾಫ್ನಾ ಜಿಲ್ಲೆಯ ಆರು ಸ್ಥಾನಗಳಲ್ಲಿ ಮೂರನ್ನು ಗೆದ್ದದ್ದು ತಮಿಳು ಪಕ್ಷವಲ್ಲ. ಅಧ್ಯಕ್ಷ ಅನುರ ಕುಮಾರ ದಿಸ್ಸಾನಾಯಕೆಯವರ ರಾಷ್ಟ್ರೀಯ ಜನಶಕ್ತಿ ಕೂಟ. ಆ ಕೂಟದ ಬೆನ್ನೆಲುಬಾದ ಜೆವಿಪಿ ಪಕ್ಷವು ಒಂದು ಕಾಲದಲ್ಲಿ ತಮಿಳರ ಸ್ವಾಯತ್ತತೆಯ ಕಟು ವಿರೋಧಿಯಾಗಿತ್ತು ಎಂಬುದನ್ನು ಜಾಫ್ನಾದ ಮತದಾರರು ಮರೆತಿರಲಾರರು.

ಒಂದೇ ಜನಾಂಗ, ಎರಡು ವಿಳಾಸ. ಬ್ರಾಂಪ್ಟನ್‌ನಲ್ಲಿರುವ ತಮಿಳ ಕಲ್ಲಿನಲ್ಲಿ ನೆನಪನ್ನು ಕೆತ್ತುತ್ತಾನೆ. ಜಾಫ್ನಾದಲ್ಲಿರುವ ತಮಿಳ ಅಕ್ಕಿಯ ಬೆಲೆ, ಸೇನೆಯ ವಶದಲ್ಲಿರುವ ಜಮೀನು, ಮಕ್ಕಳ ಉದ್ಯೋಗ ಇವುಗಳ ಲೆಕ್ಕ ಹಾಕಿ ಹಳೆಯ ವಿರೋಧಿಗೂ ಒಂದು ಅವಕಾಶ ಕೊಟ್ಟು ನೋಡುತ್ತಾನೆ. ಇವರಲ್ಲಿ ಒಬ್ಬ ನಿಜವಾದ ತಮಿಳ, ಇನ್ನೊಬ್ಬ ಸುಳ್ಳು ತಮಿಳ ಎಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಆದರೆ ಊರು ಬಿಟ್ಟು ದೂರ ಹೋದವರು ಊರಿನ ಸಂಘರ್ಷದ ದಿಕ್ಕನ್ನು ಹೇಗೆ ನಿರ್ಧರಿಸುತ್ತಾರೆ ಮತ್ತು ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ಚರ್ಚಿಸಲು ಶ್ರೀಲಂಕಾಕ್ಕಿಂತ ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಮಾತ್ರವಲ್ಲ, ಆ ಬೆಲೆಯ ಒಂದು ದೊಡ್ಡ ಪಾಲನ್ನು ತೆತ್ತವರು ಅಲ್ಲಿನ ಮುಸ್ಲಿಮರು. ನಮ್ಮ ಪತ್ರಿಕೆಗಳಲ್ಲಿ ಅವರ ಕಥೆ ಬಂದದ್ದು ತೀರಾ ಕಡಿಮೆ.

ವಿದ್ವಾಂಸರು ಈ ವಿಷಯವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ವಿದೇಶದಲ್ಲಿ ಕುಳಿತು, ತೆರಿಗೆಯನ್ನೂ ಅಲ್ಲೇ ಕಟ್ಟಿ, ತಾನು ಬಿಟ್ಟು ಬಂದ ನಾಡಿನ ಉಗ್ರ ರಾಜಕೀಯಕ್ಕೆ ಹಣ ಕಳುಹಿಸುವವನಿಗೆ ಅದರ ಪರಿಣಾಮದ ಹೊಣೆಗಾರಿಕೆ ಇರುವುದಿಲ್ಲ ಎಂದು ಬೆನೆಡಿಕ್ಟ್ ಆಂಡರ್ಸನ್ 1990ರ ದಶಕದ ಆರಂಭದಲ್ಲೇ ಎಚ್ಚರಿಸಿದ್ದರು. ದೂರದ ರಾಷ್ಟ್ರೀಯವಾದ ಎಂದು ಅವರು ಅದನ್ನು ಕರೆದರು. ವಿಶ್ವಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞ ಪೌಲ್ ಕಾಲಿಯರ್ 2000ದ ಸುಮಾರಿಗೆ ಅದಕ್ಕೆ ಅಂಕಿಅಂಶದ ರೂಪ ಕೊಟ್ಟರು. ಯುದ್ಧ ನಿಂತು ಐದು ವರ್ಷ ಕಳೆದ ಬಳಿಕವೂ, ಅಮೆರಿಕದಲ್ಲಿ ಅತಿ ದೊಡ್ಡ ವಲಸಿಗ ಸಮುದಾಯವನ್ನು ಹೊಂದಿರುವ ದೇಶಗಳಲ್ಲಿ ಯುದ್ಧ ಮರುಕಳಿಸುವ ಅಪಾಯ, ಅಂಥ ಸಮುದಾಯವೇ ಇಲ್ಲದ ದೇಶಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಎಂಬುದು ಅವರ ಲೆಕ್ಕಾಚಾರ. ಈ ಲೆಕ್ಕಾಚಾರದ ಬಗ್ಗೆ ತಕರಾರುಗಳಿವೆ. ಭೀಕರ ಯುದ್ಧ ನಡೆದಲ್ಲಿಂದಲೇ ಹೆಚ್ಚು ಜನ ಓಡಿಹೋಗುತ್ತಾರಲ್ಲವೇ, ಹಾಗಿರುವಾಗ ಯಾವುದು ಕಾರಣ ಯಾವುದು ಪರಿಣಾಮ ಎಂದು ಕೇಳಿದವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಅಂಕಿಗಳನ್ನು ಬದಿಗಿಟ್ಟು ನಡೆದ ಘಟನೆಗಳನ್ನೇ ನೋಡೋಣ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶ್ರೀಲಂಕಾದ ತಮಿಳರು ಸುಮ್ಮನೆ ಊರು ಬಿಟ್ಟವರಲ್ಲ. 1948ರಲ್ಲಿ ಸ್ವಾತಂತ್ರ್ಯ ಬಂದ ವರ್ಷವೇ ಅಲ್ಲಿನ ಸರಕಾರ ಚಹಾತೋಟಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಭಾರತೀಯ ಮೂಲದ ತಮಿಳರ ಪೌರತ್ವವನ್ನು ಕಿತ್ತುಕೊಂಡಿತು. 1956ರಲ್ಲಿ ಸಿಂಹಳವನ್ನು ಏಕೈಕ ಅಧಿಕೃತ ಭಾಷೆಯಾಗಿಸಿತು. 1958ರಲ್ಲಿ ಗಲಭೆಗಳಾದುವು. 1970ರ ದಶಕದಲ್ಲಿ ವಿಶ್ವವಿದ್ಯಾನಿಲಯ ಪ್ರವೇಶದ ನಿಯಮಗಳನ್ನು ಬದಲಿಸಿ ತಮಿಳು ವಿದ್ಯಾರ್ಥಿಗಳಿಗೆ ಬಾಗಿಲು ಕಿರಿದುಗೊಳಿಸಲಾಯಿತು. 1972ರ ಸಂವಿಧಾನ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಗ್ರಂಥಗಳು, ಅವುಗಳಲ್ಲಿ ಮತ್ತೆಂದೂ ಸಿಗಲಾರದ ತಾಳೆಗರಿಗಳು, ಬೂದಿಯಾದುವು. ಕೊನೆಗೆ 1983ರ ಜುಲೈ. ಜಾಫ್ನಾದಲ್ಲಿ ಹುಲಿಗಳ ಹೊಂಚುದಾಳಿಗೆ 13 ಸೈನಿಕರು ಬಲಿಯಾದ ನೆಪದಲ್ಲಿ ಕೊಲಂಬೊದ ಬೀದಿಗಳಲ್ಲಿ ತಮಿಳರನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. ಮತದಾರರ ಪಟ್ಟಿ ಹಿಡಿದು ಮನೆಗಳನ್ನು ಗುರುತಿಸಿದ್ದರು ಎಂಬ ಆರೋಪ ಅಂದಿನಿಂದಲೂ ಇದೆ. ಭಾರತದಲ್ಲಿ ಗಲಭೆಗಳನ್ನು ಕಂಡಿರುವ ನಮ್ಮ ಓದುಗರಿಗೆ ಈ ಪಟ್ಟಿಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹೀಗೆ ಓಡಿದವರು ಟೊರೊಂಟೊ, ಲಂಡನ್, ಪ್ಯಾರಿಸ್, ಝೂರಿಕ್, ಓಸ್ಲೊ ಸೇರಿದರು. ಹಡಗಿನಲ್ಲಿ, ಲಾರಿಯಲ್ಲಿ, ನಕಲಿ ಪಾಸ್‌ಪೋರ್ಟಿನಲ್ಲಿ ಹೋದರು. ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ರಾತ್ರಿಪಾಳಿಯಲ್ಲಿ ಪೆಟ್ರೋಲ್ ಬಂಕ್ ಕಾದರು, ಅಂಗಡಿ ತೆರೆದರು, ಮಕ್ಕಳನ್ನು ವೈದ್ಯರನ್ನಾಗಿ ವಕೀಲರನ್ನಾಗಿ ಮಾಡಿದರು. ಒಟ್ಟು ಸಂಖ್ಯೆ ಎಂಟರಿಂದ ಹತ್ತು ಲಕ್ಷ ಎಂಬ ಅಂದಾಜಿದೆ. ಅವರ ಎದೆಯಲ್ಲಿ 1983ರ ಜುಲೈ ನಿಂತುಹೋಗಿತ್ತು. ಊರಿನಲ್ಲಿ ಉಳಿದವರಿಗೆ 1983ರ ನಂತರ 1984 ಬಂತು, 1985 ಬಂತು. ಬದುಕು ಹೇಗೋ ಮುಂದುವರಿಯಿತು. ಊರು ಬಿಟ್ಟವನಿಗೆ ಮಾತ್ರ ಊರು ತಾನು ಬಿಟ್ಟ ದಿನದಲ್ಲೇ ಇರುತ್ತದೆ.

ಈ ನೋವನ್ನು ಹಣವಾಗಿ ಪರಿವರ್ತಿಸುವ ಕಲೆ ಎಲ್‌ಟಿಟಿಇಗೆ ಕರಗತವಾಗಿತ್ತು. ವೇಲುಪಿಳ್ಳೈ ಪ್ರಭಾಕರನ್ 1976ರಲ್ಲಿ ಕಟ್ಟಿದ ಈ ಸಂಘಟನೆ ತನ್ನ ನಾಡಿನೊಳಗೆ ಎಷ್ಟು ಬಲಿಷ್ಠವಾಗಿತ್ತೋ ಹೊರಗೂ ಅಷ್ಟೇ ಬಲಿಷ್ಠವಾಗಿತ್ತು. ಮನೆಮನೆಗೆ ಸಂಗ್ರಹಕಾರರು ಬರುತ್ತಿದ್ದರು. ದೇವಾಲಯಗಳ ಹುಂಡಿ, ಅಂಗಡಿಯ ಡಬ್ಬಿ, ಸಂಗೀತ ಸಂಜೆ, ನವೆಂಬರ್ 27ರ ಮಾವೀರರ ದಿನ, ಎಲ್ಲವೂ ಸಂಗ್ರಹದ ದಾರಿಗಳು. ಸಂಘಟನೆಯ ಆದಾಯ ವರ್ಷಕ್ಕೆ 20ರಿಂದ 30 ಕೋಟಿ ಡಾಲರ್ ಇದ್ದಿರಬಹುದೆಂದು ರಕ್ಷಣಾ ವಿಷಯಗಳ ಪತ್ರಿಕೆ ಜೇನ್ಸ್ 2007ರಲ್ಲಿ ಅಂದಾಜಿಸಿತ್ತು. ಅದರ ಬಹುಪಾಲು ಬಂದದ್ದು ವಿದೇಶಗಳಿಂದ.

ಕೊಟ್ಟವರೆಲ್ಲ ಸಂತೋಷದಿಂದ ಕೊಟ್ಟರೇ? ಹ್ಯೂಮನ್ ರೈಟ್ಸ್ ವಾಚ್ 2006ರ ಮಾರ್ಚ್‌ನಲ್ಲಿ ಹೊರತಂದ ವರದಿ ಇದಕ್ಕೆ ಉತ್ತರಿಸುತ್ತದೆ. ಕೆನಡಾದಲ್ಲಿ ಒಂದೊಂದು ಕುಟುಂಬದಿಂದ 2,500ರಿಂದ 5,000 ಡಾಲರ್, ಕೆಲವು ವ್ಯಾಪಾರಿಗಳಿಂದ ಒಂದು ಲಕ್ಷ ಡಾಲರ್‌ವರೆಗೂ ಕೇಳಲಾಗುತ್ತಿತ್ತು. ಕೈಯಲ್ಲಿ ಇಲ್ಲವೆಂದರೆ ಸಾಲ ಮಾಡಲು ಸೂಚಿಸಲಾಗುತ್ತಿತ್ತು. ನಿರಾಕರಿಸಿದರೆ, ನೀನು ಮತ್ತೆ ಊರಿಗೆ ಹೋಗಿ ನಿನ್ನವರ ಮುಖ ನೋಡುವುದು ಹೇಗೆ ಎಂಬ ಬೆದರಿಕೆ. ಸಂಗ್ರಹದ ಉದ್ದೇಶವನ್ನೂ ಮುಚ್ಚಿಟ್ಟಿರಲಿಲ್ಲ: ಅಂತಿಮ ಯುದ್ಧಕ್ಕೆ. ಗಮನಿಸಿ, ಇದು ಕದನವಿರಾಮ ಜಾರಿಯಲ್ಲಿದ್ದ ಸಮಯ. 2002ರ ಫೆಬ್ರವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಸಹಿಯಾದ ಒಪ್ಪಂದ ಕಾಗದದ ಮೇಲೆ ಇನ್ನೂ ಜೀವಂತವಿತ್ತು. ಜಾಫ್ನಾದ ತಾಯಂದಿರು ಮಕ್ಕಳನ್ನು ಶಾಲೆಗೆ ಕಳುಹಿಸುವ ಧೈರ್ಯ ಮಾಡುತ್ತಿದ್ದ ಹೊತ್ತಿನಲ್ಲಿ ಟೊರೊಂಟೊದಲ್ಲಿ ಮುಂದಿನ ಯುದ್ಧದ ಕಂತು ಕಟ್ಟಿಸಿಕೊಳ್ಳಲಾಗುತ್ತಿತ್ತು.

ಇಲ್ಲಿ ನಾವು ಎರಡು ವರ್ಗಗಳನ್ನು ಬೇರ್ಪಡಿಸಬೇಕು. ಬೆದರಿಕೆಗೆ ಅಂಜಿ ಕೊಟ್ಟವನು ಬಲಿಪಶು. ಆದರೆ ಮನಃಪೂರ್ವಕವಾಗಿ, ಹೆಮ್ಮೆಯಿಂದ ಕೊಟ್ಟವರೂ ಸಾವಿರಾರು ಮಂದಿಯಿದ್ದರು. ಅವರ ಮಕ್ಕಳು ಲಂಡನ್ನಿನ ಶಾಲೆಗಳಲ್ಲಿ ಗಣಿತ ಕಲಿಯುತ್ತಿದ್ದರು. ಅವರ ಹಣದಿಂದ ನಡೆಯುತ್ತಿದ್ದ ಸೇನೆಯಾದರೋ ವನ್ನಿಯ ಬಡವರ ಮನೆಗಳಿಂದ ಹದಿನಾಲ್ಕು ಹದಿನೈದರ ಮಕ್ಕಳನ್ನು ಎಳೆದೊಯ್ಯುತ್ತಿತ್ತು. ಎಲ್‌ಟಿಟಿಇ ಮಕ್ಕಳನ್ನು ಸೈನಿಕರನ್ನಾಗಿಸುತ್ತಿದ್ದುದನ್ನು ಯುನಿಸೆಫ್ ವರ್ಷಗಟ್ಟಲೆ ದಾಖಲಿಸಿದೆ. ತನ್ನ ಮಗನನ್ನು ಕಳುಹಿಸಬೇಕಾಗಿ ಬಂದಿದ್ದರೆ ಅದೇ ತಂದೆ ರಾಜಿ ಮಾತುಕತೆಯ ಬಗ್ಗೆ ಬೇರೆ ರೀತಿಯಲ್ಲಿ ಯೋಚಿಸುತ್ತಿರಲಿಲ್ಲವೇ? ಯುದ್ಧದ ಖರ್ಚು ಡಾಲರ್‌ನಲ್ಲಿ ಒಬ್ಬನಿಗೆ, ಮಗನಲ್ಲಿ ಇನ್ನೊಬ್ಬನಿಗೆ ಬಂದಾಗ ಯುದ್ಧ ನಿಲ್ಲಿಸಬೇಕೆಂಬ ಆತುರ ಮೊದಲನೆಯವನಿಗೆ ಇರುವುದಿಲ್ಲ. ಸಿಂಹಳ ವಲಸಿಗರ ಬಗ್ಗೆಯೂ ಇದೇ ಮಾತು. ವಿದೇಶಗಳಲ್ಲಿ ಸುಖವಾಗಿದ್ದುಕೊಂಡು, ಒಂದಿಂಚೂ ಬಿಟ್ಟುಕೊಡಬಾರದೆಂದು ಕೊಲಂಬೊಗೆ ಉಪದೇಶಿಸಿದವರು ಅವರಲ್ಲೂ ಇದ್ದರು.

ಈ ವ್ಯವಸ್ಥೆಯಲ್ಲಿ ಭಿನ್ನ ಸ್ವರಕ್ಕೆ ಜಾಗವಿರಲಿಲ್ಲ. ಟೊರೊಂಟೊದಲ್ಲಿ ತಮಿಳು ಪತ್ರಿಕೆ ನಡೆಸುತ್ತಿದ್ದ ಡಿ.ಬಿ.ಎಸ್. ಜೆಯರಾಜ್ ಹುಲಿಗಳನ್ನು ಪ್ರಶ್ನಿಸಿ ಬರೆದುದಕ್ಕಾಗಿ 1993ರಲ್ಲಿ ಹಲ್ಲೆಗೊಳಗಾದರು. ಹಾಗೆಯೇ ಡಾ. ರಜನಿ ತಿರಣಗಮ ಅವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಈ ಅಂಗರಚನಾಶಾಸ್ತ್ರಜ್ಞೆ ಇಂಗ್ಲೆಂಡಿನಲ್ಲಿ ಉನ್ನತ ವ್ಯಾಸಂಗ ಮಾಡಿದವರು, ಒಂದು ಕಾಲದಲ್ಲಿ ಹುಲಿಗಳ ಬೆಂಬಲಿಗರೂ ಆಗಿದ್ದವರು. ಅಲ್ಲಿಯೇ ಉಳಿದು ಸಭೆಗಳಲ್ಲಿ ಭಾಷಣ ಮಾಡುತ್ತ ಬದುಕಬಹುದಿತ್ತು. ಆದರೆ ಅವರು 1986ರಲ್ಲಿ ಯುದ್ಧದ ನಡುವೆಯೇ ಜಾಫ್ನಾಕ್ಕೆ ಮರಳಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡಿದರು. ಶ್ರೀಲಂಕಾ ಸೇನೆಯ, ಭಾರತೀಯ ಶಾಂತಿಪಾಲನಾ ಪಡೆಯ ಮತ್ತು ಹುಲಿಗಳ ದೌರ್ಜನ್ಯಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಸಹೋದ್ಯೋಗಿಗಳೊಂದಿಗೆ ದಾಖಲಿಸಿದರು. 1989ರ ಸೆಪ್ಟೆಂಬರ್ 21ರಂದು ಸೈಕಲ್ ತುಳಿಯುತ್ತ ಮನೆಗೆ ಹಿಂದಿರುಗುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 35 ವರ್ಷ. ಕೊಂದವರು ಎಲ್‌ಟಿಟಿಇಯವರೆಂದೇ ಅವರ ಸಂಗಡಿಗರು ಹೇಳುತ್ತ ಬಂದಿದ್ದಾರೆ. ವಿದೇಶದಿಂದ ಊರಿನ ಬಗ್ಗೆ ಮಾತಾಡಿದವರು ಲಕ್ಷ ಮಂದಿ. ಮಾತಾಡಲಿಕ್ಕಾಗಿ ಊರಿಗೆ ಮರಳಿದವರು ಬೆರಳೆಣಿಕೆಯವರು.

ಇನ್ನು ಮುಸ್ಲಿಮರ ವಿಷಯ. ಉತ್ತರ ಶ್ರೀಲಂಕಾದ ಮುಸ್ಲಿಮರ ಮನೆಮಾತು ತಮಿಳು. ಶತಮಾನಗಳಿಂದ ತಮಿಳರ ನೆರೆಯಲ್ಲಿ ವ್ಯಾಪಾರ, ಹೊಲಿಗೆ, ಮೀನುಗಾರಿಕೆ ಮಾಡಿಕೊಂಡಿದ್ದವರು. 1990ರ ಆಗಸ್ಟ್ 3ರಂದು ಪೂರ್ವದ ಕಾತ್ತಾನ್‌ಕುಡಿಯಲ್ಲಿ ಇಶಾ ನಮಾಝ್‌ನಲ್ಲಿ ನಿರತರಾಗಿದ್ದವರ ಮೇಲೆ ಎರಡು ಮಸೀದಿಗಳಲ್ಲಿ ಗುಂಡಿನ ಮಳೆ ಸುರಿಯಿತು. ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಮಕ್ಕಳೂ, ಸಜ್ದಾದಲ್ಲೇ ಪ್ರಾಣ ಬಿಟ್ಟರು. ಎಲ್‌ಟಿಟಿಇ ತನ್ನ ಕೈವಾಡವನ್ನು ನಿರಾಕರಿಸಿತು. ಬದುಕುಳಿದವರು ಆ ನಿರಾಕರಣೆಯನ್ನು ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತದ ಸಮಸ್ತ ಮುಸ್ಲಿಮರಿಗೆ, ಸುಮಾರು 75,000 ಜನರಿಗೆ, ಹೊರಟುಹೋಗುವಂತೆ ಹುಲಿಗಳು ಆಜ್ಞೆ ಮಾಡಿದರು. ಜಾಫ್ನಾ ಪಟ್ಟಣದವರಿಗೆ ಸಿಕ್ಕಿದ್ದು ಕೇವಲ ಎರಡು ಗಂಟೆ. ಬಂಗಾರ, ಉಳಿತಾಯ, ಅಂಗಡಿ, ಮನೆಪತ್ರ ಎಲ್ಲವನ್ನೂ ಬಿಟ್ಟು ಕೆಲವು ನೂರು ರೂಪಾಯಿಗಳೊಂದಿಗೆ ಅವರು ನಡೆದರು. ಮನ್ನಾರ್ ದ್ವೀಪದವರು ದೋಣಿಗಳಲ್ಲಿ ದಕ್ಷಿಣಕ್ಕೆ ಸಾಗಿದರು. ಪುತ್ತಳಂ ಜಿಲ್ಲೆಯ ತೆಂಗಿನ ಗರಿಯ ಗುಡಿಸಲುಗಳಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆಯಿತು. ಪೂರ್ವದಲ್ಲಿ ಮುಸ್ಲಿಮ್ ಗೃಹರಕ್ಷಕರ ಕೈಯಲ್ಲಿ ಅಮಾಯಕ ತಮಿಳರು ಸತ್ತದ್ದೂ ಇದೆ. ಅದನ್ನು ಮುಚ್ಚಿಡುವುದು ಅನ್ಯಾಯವಾದೀತು. ಆದರೆ ಉತ್ತರದ ದರ್ಜಿಯೂ ಅಂಗಡಿಕಾರನೂ ಮಾಡಿದ ಅಪರಾಧವಾದರೂ ಏನು?

1983ರ ನೋವನ್ನು ಹೊತ್ತು ಹೋದವರ ದೇಣಿಗೆಯಿಂದ ಬೆಳೆದ ಸಂಘಟನೆಯೇ 1990ರಲ್ಲಿ ಇನ್ನೊಂದು ಸಮುದಾಯವನ್ನು ಊರಿನಿಂದ ಅಟ್ಟಿತು. ತಾವು ಯಾವುದರಿಂದ ತಪ್ಪಿಸಿಕೊಂಡು ಓಡಿದರೋ ಅದನ್ನೇ ತಮ್ಮ ಹಣ ಇನ್ನೊಬ್ಬರಿಗೆ ಮಾಡುತ್ತಿದೆ ಎಂಬುದು ಅರಿವಾದ ಮೇಲಾದರೂ ಹಣ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಯುದ್ಧ ಮತ್ತೂ 19 ವರ್ಷ ನಡೆಯಿತು. 2002ರ ಏಪ್ರಿಲ್‌ನಲ್ಲಿ ಕಿಳಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಈ ಪ್ರಶ್ನೆ ಎದುರಾದಾಗ ಎಲ್‌ಟಿಟಿಇಯ ಸಿದ್ಧಾಂತಿ ಆಂಟನ್ ಬಾಲಸಿಂಗಂ ಉಚ್ಚಾಟನೆಯನ್ನು ಸಮರ್ಥಿಸಲಾಗದ ರಾಜಕೀಯ ಪ್ರಮಾದವೆಂದು ಒಪ್ಪಿಕೊಂಡರು. ಅಂದಹಾಗೆ, ಬಾಲಸಿಂಗಂ ಸ್ವತಃ ಬ್ರಿಟಿಷ್ ಪ್ರಜೆಯಾಗಿದ್ದು ಲಂಡನ್ನಿನಲ್ಲಿ ನೆಲೆಸಿದ್ದವರು. ಪುತ್ತಳಂನ ಗುಡಿಸಲಿನಲ್ಲಿದ್ದವರಿಗೆ ಆ ಒಪ್ಪಿಗೆ ತಲುಪುವಾಗ 12 ವರ್ಷ ಕಳೆದಿತ್ತು.

ಮದ್ರಸದಲ್ಲಿ ನಮಗೆ ಅಸಬಿಯ್ಯ ಎಂಬ ಪದವನ್ನು ಕಲಿಸಲಾಗಿತ್ತು. ತನ್ನವರನ್ನು ಪ್ರೀತಿಸುವುದಕ್ಕೆ ಆ ಹೆಸರಲ್ಲ; ತನ್ನವರು ಅನ್ಯಾಯ ಮಾಡುವಾಗಲೂ ಅವರು ತನ್ನವರೆಂಬ ಒಂದೇ ಕಾರಣಕ್ಕೆ ಬೆಂಬಲಿಸುವುದಕ್ಕೆ ಆ ಹೆಸರು. ಊರಿನಲ್ಲಿರುವವನ ಅಸಬಿಯ್ಯಕ್ಕೆ ಒಂದು ಮಿತಿಯಿದೆ. ನಾಳೆ ಬೆಳಗ್ಗೆ ಅವನು ಅದೇ ನೆರೆಯವನ ಅಂಗಡಿಯಿಂದ ಸಕ್ಕರೆ ತರಬೇಕು, ಅದೇ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಬೇಕು. ಸಾವಿರಾರು ಮೈಲು ದೂರದಲ್ಲಿರುವವನಿಗೆ ಆ ನೆರೆಯವನು ಮನುಷ್ಯನಾಗಿ ಉಳಿದಿರುವುದಿಲ್ಲ, ಶತ್ರುವಿನ ಚಿತ್ರವಾಗಿ ಮಾತ್ರ ಉಳಿದಿರುತ್ತಾನೆ.

2005ರ ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆ ಬಂತು. ತಮಿಳರು ಮತ ಹಾಕಬಾರದೆಂದು ಹುಲಿಗಳು ನಿರ್ಬಂಧ ಹೇರಿದರು. ಜಾಫ್ನಾದಲ್ಲಿ ಮತದಾನ ಶೇ. 1ರ ಆಸುಪಾಸಿನಲ್ಲಿ ನಿಂತಿತು. ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದ ರನಿಲ್ ವಿಕ್ರಮಸಿಂಘೆ ಎರಡು ಲಕ್ಷಕ್ಕೂ ಕಡಿಮೆ ಮತಗಳಿಂದ ಸೋತರು. ಮಹಿಂದ ರಾಜಪಕ್ಸೆ ಗೆದ್ದರು. ಅಂತಿಮ ಯುದ್ಧಕ್ಕೆಂದು ಹಣ ಕೊಟ್ಟವರಿಗೆ ಅಂತಿಮ ಯುದ್ಧವೇ ಸಿಕ್ಕಿತು. 2008ರ ಜನವರಿಯಲ್ಲಿ ಸರಕಾರ ಕದನವಿರಾಮವನ್ನು ಅಧಿಕೃತವಾಗಿ ಕೈಬಿಟ್ಟಿತು. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್‌ನ ಕಿರಿದಾದ ಮರಳುದಂಡೆಯಲ್ಲಿ ಎಲ್ಲವೂ ಮುಗಿಯಿತು. ಲಕ್ಷಾಂತರ ನಾಗರಿಕರು ಆ ದಂಡೆಯಲ್ಲಿ ಸಿಲುಕಿದ್ದರು. ಸರಕಾರ ತಾನೇ ಘೋಷಿಸಿದ ಸುರಕ್ಷಾ ವಲಯದ ಮೇಲೆ, ಆಸ್ಪತ್ರೆಗಳ ಮೇಲೆ ಶೆಲ್ ಹಾಕಿತು. ಹುಲಿಗಳು ಆ ಜನರನ್ನೇ ಗುರಾಣಿಯಾಗಿಸಿ, ತಪ್ಪಿಸಿಕೊಳ್ಳಲು ಯತ್ನಿಸಿದವರಿಗೆ ಗುಂಡು ಹಾರಿಸಿದರು. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ದವರೆಗೂ ಇದ್ದಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು.

ಆ ವಾರಗಳಲ್ಲಿ ಲಂಡನ್ನಿನ ಸಂಸತ್ ಚೌಕದಲ್ಲಿ ತಮಿಳರು ಹಗಲುರಾತ್ರಿ ಧರಣಿ ಕೂತರು. ಟೊರೊಂಟೊದಲ್ಲಿ ಮೇ 10ರಂದು ಮಹಿಳೆಯರು ಮಕ್ಕಳ ಸಮೇತ ಹೆದ್ದಾರಿಗಿಳಿದು ಸಂಚಾರ ನಿಲ್ಲಿಸಿದರು. ಫೋನ್ ಮಾಡಿದರೆ ಎತ್ತುವವರಿಲ್ಲದ ಸಂಬಂಧಿಕರಿಗಾಗಿ ಅವರು ಗೋಳಿಟ್ಟರು. ಜಗತ್ತು ಕೇಳಿಸಿಕೊಳ್ಳಲಿಲ್ಲ. ಅದಕ್ಕೆ ಜಗತ್ತಿನ ನಿರ್ದಯತೆ ಒಂದು ಕಾರಣ. ಅವರು ಎತ್ತಿ ಹಿಡಿದ ಧ್ವಜಗಳಲ್ಲಿ ಹುಲಿಯ ಚಿತ್ರವಿದ್ದುದು ಇನ್ನೊಂದು ಕಾರಣ. ಅಮೆರಿಕ 1997ರಲ್ಲಿ, ಬ್ರಿಟನ್ 2001ರಲ್ಲಿ, ಕೆನಡಾ ಮತ್ತು ಯುರೋಪಿಯನ್ ಒಕ್ಕೂಟ 2006ರಲ್ಲಿ ಆ ಸಂಘಟನೆಯನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿಯಾಗಿತ್ತು. ಸಾಯುತ್ತಿದ್ದ ನಾಗರಿಕನ ಪರ ಎದ್ದ ಕೂಗು ಸಂಘಟನೆಯ ಪರ ಕೂಗೆಂದು ಭಾವಿಸಲ್ಪಟ್ಟಿತು. ಅವೆರಡನ್ನೂ ಬೇರೆಯಾಗಿಡುವ ಎಚ್ಚರವನ್ನು ಇಪ್ಪತ್ತು ವರ್ಷಗಳ ಹಿಂದೆಯೇ ವಹಿಸಿದ್ದರೆ ಆ ಮೇ ತಿಂಗಳಲ್ಲಿ ಯಾರಾದರೂ ಕಿವಿಗೊಡುತ್ತಿದ್ದರೇನೋ.

ಹಾಗಾದರೆ ವಲಸಿಗರಿಂದ ಒಳಿತಾಗುವುದೇ ಇಲ್ಲವೇ? ಐರ್ಲೆಂಡಿನ ಉದಾಹರಣೆ ಬೇರೆಯದನ್ನೇ ಹೇಳುತ್ತದೆ. 1840ರ ದಶಕದ ಬರಗಾಲಕ್ಕೆ ಸಿಲುಕಿ ಅಮೆರಿಕ ಸೇರಿದ ಐರಿಷರ ಮೊಮ್ಮಕ್ಕಳು, ಮರಿಮಕ್ಕಳು ಉತ್ತರ ಐರ್ಲೆಂಡಿನ ಸಂಘರ್ಷಕ್ಕೆ ಹಣ ಕಳುಹಿಸಿದರು. 1970ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ನೊರೇಡ್ ಎಂಬ ಸಂಸ್ಥೆ ಕೈದಿಗಳ ಕುಟುಂಬಗಳಿಗೆ ನೆರವೆಂಬ ಹೆಸರಿನಲ್ಲಿ ಸಂಗ್ರಹಿಸಿದ ಹಣ ಐಆರ್‌ಎಯ ಬಂದೂಕುಗಳಿಗೆ ಹೋಗುತ್ತಿದೆ ಎಂದು ಬ್ರಿಟನ್ ಮತ್ತು ಅಮೆರಿಕ ಎರಡೂ ದೂರಿದುವು. ಆದರೆ 1977ರಲ್ಲಿ ಟೆಡ್ ಕೆನಡಿ, ಟಿಪ್ ಓನೀಲ್ ಮೊದಲಾದ ನಾಲ್ವರು ಐರಿಷ್ ಮೂಲದ ನಾಯಕರು ತಮ್ಮದೇ ಸಮುದಾಯದ ಮುಂದೆ ನಿಂತು, ಹಿಂಸೆಗೆ ಕೈಜೋಡಿಸುವವರಿಗೆ ಹಣ ಕೊಡಬೇಡಿ ಎಂದರು. ಮತ ಕಳೆದುಕೊಳ್ಳುವ ಭಯ ಅವರಿಗಿರಲಿಲ್ಲವೆಂದಲ್ಲ. 1990ರ ದಶಕದಲ್ಲಿ ಅದೇ ಸಮುದಾಯದ ಉದ್ಯಮಿಗಳು, ಪತ್ರಕರ್ತರು ಬೆಲ್‌ಫಾಸ್ಟ್‌ಗೆ ಹೋಗಿ ಎರಡೂ ಬಣಗಳನ್ನು ಭೇಟಿಯಾದರು. ಬಂದೂಕು ಬಿಟ್ಟು ರಾಜಕೀಯಕ್ಕೆ ಬಂದರೆ ವಾಶಿಂಗ್ಟನ್ನಿನ ಬಾಗಿಲು ತೆರೆಯುತ್ತೇವೆ ಎಂಬ ಭರವಸೆ ಕೊಟ್ಟರು. 1994ರ ಜನವರಿಯಲ್ಲಿ ಶಿನ್ ಫೇನ್ ನಾಯಕ ಜೆರ್ರಿ ಆಡಮ್ಸ್‌ಗೆ ಅಮೆರಿಕದ ವೀಸಾ ಸಿಕ್ಕಿತು. ಆಗಸ್ಟ್‌ನಲ್ಲಿ ಐಆರ್‌ಎ ಕದನವಿರಾಮ ಸಾರಿತು. 1998ರ ಏಪ್ರಿಲ್ 10ರ ಒಪ್ಪಂದದ ಮಾತುಕತೆಗೆ ಅಧ್ಯಕ್ಷತೆ ವಹಿಸಿದ ಸೆನೆಟರ್ ಜಾರ್ಜ್ ಮಿಚೆಲ್ ಅವರ ತಂದೆ ಐರಿಷ್ ಮೂಲದವರು, ತಾಯಿ ಲೆಬನಾನಿನಿಂದ ವಲಸೆ ಬಂದವರು. ಸುಮಾರು 3,500 ಜೀವಗಳನ್ನು ನುಂಗಿದ ಸಂಘರ್ಷ ಹೀಗೆ ತಣ್ಣಗಾಯಿತು. ಅಮೆರಿಕದ ಐರಿಷರು ತಮ್ಮ ಊರನ್ನು ಮರೆತು ಇದನ್ನು ಸಾಧಿಸಲಿಲ್ಲ. ಹಣದ ಬದಲು ಪ್ರಭಾವವನ್ನು ಬಳಸಿದರು, ತಮ್ಮವರ ವಿರೋಧಿಯೊಡನೆಯೂ ಕೂತರು.

ಇದು ನಮಗೆ ಸಂಬಂಧವಿಲ್ಲದ ಕಥೆಯೆಂದು ಭಾವಿಸುವಂತಿಲ್ಲ. ರಾಜೀವ್ ಗಾಂಧಿ ಹತ್ಯೆಯ ಸೂತ್ರಧಾರಿ ಶಿವರಾಸನ್ ಮತ್ತು ಆತನ ಸಂಗಡಿಗರು 1991ರ ಆಗಸ್ಟ್‌ನಲ್ಲಿ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. 1985ರ ಜೂನ್‌ನಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟಗೊಂಡು 329 ಮಂದಿ ಸತ್ತದ್ದು ಕೆನಡಾದಲ್ಲಿದ್ದ ಖಲಿಸ್ತಾನಿ ಉಗ್ರರ ಕೃತ್ಯದಿಂದ. ಅಮೆರಿಕದ ಭಾರತೀಯರ ದತ್ತಿ ಸಂಸ್ಥೆಯೊಂದರ ಹಣ ಇಲ್ಲಿನ ಕೋಮುವಾದಿ ಸಂಘಟನೆಗಳಿಗೆ ಹರಿಯುತ್ತಿದೆ ಎಂದು 2002ರಲ್ಲಿ ವರದಿಯೊಂದು ಆರೋಪಿಸಿದಾಗ ಆ ಸಂಸ್ಥೆ ಅದನ್ನು ಅಲ್ಲಗಳೆಯಿತು. ನಾವು ಆಗ ಆಕ್ರೋಶಗೊಂಡಿದ್ದೆವು. ಆಕ್ರೋಶ ಸರಿಯೇ. ಆದರೆ ಅದೇ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕಲ್ಲವೇ? ಕರಾವಳಿಯ ನಮ್ಮ ಮನೆಗಳಲ್ಲಿ ಕೊಲ್ಲಿಗೆ ಹೋಗದವರಿರುವ ಮನೆ ಕಡಿಮೆ. ಅವರ ದುಡಿಮೆಯಿಂದ ಎಷ್ಟೋ ಶಾಲೆ, ಮಸೀದಿ, ಅನಾಥಾಲಯಗಳು ಎದ್ದಿವೆ. ನಮ್ಮಲ್ಲಿ ಯುದ್ಧವಿಲ್ಲ, ಅಲ್ಲಾಹನ ದಯೆ. ಆದರೂ ಊರಿನಲ್ಲಿ ಸಣ್ಣ ಘರ್ಷಣೆಯಾದಾಗ ಯಾವ ಮಾತು ದಮ್ಮಾಮ್‌ನಿಂದ, ದುಬೈಯಿಂದ ಮೊಬೈಲಿಗೆ ಬಂದು ಬೀಳುತ್ತದೆ? ಶಾಂತವಾಗಿರಿ ಎಂಬ ಮಾತೋ, ಸುಮ್ಮನೆ ಬಿಟ್ಟಿರಾ ಎಂಬ ಮಾತೋ? ಎರಡನೆಯ ಮಾತನ್ನು ಹೇಳಿದವರು ಮರುದಿನ ಕಚೇರಿಗೆ ಹೋಗುತ್ತಾರೆ. ಕೇಳಿದ ಹುಡುಗ ಮರುದಿನ ಠಾಣೆಗೆ ಹೋಗುತ್ತಾನೆ, ಆಮೇಲೆ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ, ಅವನ ಪಾಸ್‌ಪೋರ್ಟ್ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಶ್ರೀಲಂಕಾಕ್ಕೆ ಮರಳೋಣ. ಯುದ್ಧ ಮುಗಿದ ಮೇಲೆ ತಮಿಳು ವಲಸಿಗರು ಹಲವು ದಾರಿಗಳಲ್ಲಿ ಸಾಗಿದರು. 2010ರಲ್ಲಿ ಕೆಲವರು ನ್ಯೂಯಾರ್ಕಿನ ವಕೀಲ ವಿಶ್ವನಾಥನ್ ರುದ್ರಕುಮಾರನ್ ನೇತೃತ್ವದಲ್ಲಿ ಗಡಿಯಾಚೆಗಿನ ತಮಿಳು ಈಳಂ ಸರಕಾರವನ್ನು ರಚಿಸಿಕೊಂಡರು. ನೆಲವಿಲ್ಲದ, ಪ್ರಜೆಗಳೆಲ್ಲ ಬೇರೆ ದೇಶಗಳ ಪಾಸ್‌ಪೋರ್ಟ್ ಹೊಂದಿರುವ ಸರಕಾರ. ಇನ್ನು ಕೆಲವರು ಸಾಕ್ಷ್ಯ ಸಂಗ್ರಹಿಸಿ ಜಿನೀವಾದ ಮಾನವಹಕ್ಕು ಮಂಡಳಿಯ ಬಾಗಿಲು ತಟ್ಟಿದರು. ಈ ಎರಡನೆಯ ಕೆಲಸವನ್ನು ನಾವು ಮೆಚ್ಚುತ್ತೇವೆ. ಕಾಣೆಯಾದ ಮಗನ ಫೋಟೋ ಹಿಡಿದು ವವುನಿಯಾದ ಬೀದಿಬದಿಯಲ್ಲಿ ಕೂತ ತಾಯಿಯ ದನಿ ಕೊಲಂಬೊದಲ್ಲಿ ಯಾರಿಗೂ ಕೇಳದಾಗ ಜಿನೀವಾದಲ್ಲಿ ಅದನ್ನು ಓದಿ ಹೇಳುವವರೊಬ್ಬರು ಬೇಕು. ಬ್ರಾಂಪ್ಟನ್‌ನ ಸ್ಮಾರಕಕ್ಕೂ ನಮ್ಮ ತಕರಾರಿಲ್ಲ. ಸತ್ತವರನ್ನು ನೆನೆಯುವ ಹಕ್ಕು ಯಾವ ಸರಕಾರದ ಅಪ್ಪಣೆಗೂ ಕಾಯುವಂಥದ್ದಲ್ಲ.

ಊರಿನಲ್ಲಿಯೂ ಕೆಲವು ಬದಲಾವಣೆಗಳಾಗಿವೆ. ಕೋವಿಡ್‌ನಿಂದ ಸತ್ತ ಮುಸ್ಲಿಮರ ಶವಗಳನ್ನು ರಾಜಪಕ್ಸೆ ಸರಕಾರ 2020ರಲ್ಲಿ ಬಲವಂತವಾಗಿ ಸುಡಿಸಿತು. ಇಪ್ಪತ್ತು ದಿನದ ಹಸುಳೆಯನ್ನೂ ಬಿಡಲಿಲ್ಲ. 2021ರ ಫೆಬ್ರವರಿಯಲ್ಲಿ ತಮಿಳರು ಪೂರ್ವದ ಪೊತ್ತುವಿಲ್‌ನಿಂದ ಉತ್ತರದ ಪೊಲಿಕಂಡಿವರೆಗೆ ಜಾಥಾ ಹೊರಟಾಗ ತಮ್ಮ ಬೇಡಿಕೆಗಳೊಂದಿಗೆ ಈ ದಹನ ನಿಲ್ಲಬೇಕೆಂಬ ಬೇಡಿಕೆಯನ್ನೂ ಸೇರಿಸಿದ್ದರು. ದಾರಿಯುದ್ದಕ್ಕೂ ಮುಸ್ಲಿಮರು ಜೊತೆಗೂಡಿದರು. ಈ ಬೆಸುಗೆ ವಿದೇಶದ ಯಾವ ಸಭಾಂಗಣದಲ್ಲೂ ತಯಾರಾದದ್ದಲ್ಲ.

ವಿದೇಶದಲ್ಲಿಯೂ ಒಂದು ಹೆಜ್ಜೆ ಕಾಣಿಸಿದೆ. ಲಂಡನ್ ಮೂಲದ ಗ್ಲೋಬಲ್ ತಮಿಳ್ ಫೋರಂ ಎಂಬ ವಲಸಿಗರ ವೇದಿಕೆಯನ್ನು ಶ್ರೀಲಂಕಾ ಸರಕಾರ 2014ರಲ್ಲಿ ನಿಷೇಧಿತರ ಪಟ್ಟಿಗೆ ಸೇರಿಸಿ, 2015ರಲ್ಲಿ ತೆಗೆದು, 2021ರಲ್ಲಿ ಮತ್ತೆ ಸೇರಿಸಿ, 2022ರಲ್ಲಿ ಮತ್ತೆ ತೆಗೆದಿತ್ತು. ಅದೇ ವೇದಿಕೆ 2023ರಲ್ಲಿ ಶ್ರೀಲಂಕಾದ ಬೌದ್ಧ ಭಿಕ್ಷುಗಳ ತಂಡವೊಂದರೊಂದಿಗೆ ನೇಪಾಳದಲ್ಲಿ ಕುಳಿತು, ಹಿಮಾಲಯ ಘೋಷಣೆ ಎಂಬ ಒಡಂಬಡಿಕೆಗೆ ಬಂತು. ಡಿಸೆಂಬರ್‌ನಲ್ಲಿ ಅದನ್ನು ಅಧ್ಯಕ್ಷರ ಕೈಗೆ ಕೊಡಲಾಯಿತು. ಭಿಕ್ಷುಗಳೊಂದಿಗೆ ತಮಿಳು ವಲಸಿಗರು ಒಂದೇ ಹಾಳೆಗೆ ಸಹಿ ಹಾಕುವುದು ಹಿಂದೆ ಊಹಿಸಲೂ ಆಗದ ಸಂಗತಿ. ದ್ರೋಹವೆಂದು ಕೂಗಿದ ತಮಿಳು ಸಂಘಟನೆಗಳ ಪಟ್ಟಿ ಉದ್ದವಿದೆ; ಅವುಗಳಲ್ಲಿ ಅನೇಕವು ವಿದೇಶದಲ್ಲಿರುವಂಥವೇ. ನಾವು ಆ ಸಹಿಯನ್ನು ಸ್ವಾಗತಿಸುತ್ತೇವೆ. ಆದರೆ ಸಹಿ ಹಾಕಿದ ಎರಡು ಕಡೆಯವರಲ್ಲಿ 1990ರ ಅಕ್ಟೋಬರ್‌ನಲ್ಲಿ ಎರಡು ಗಂಟೆಯ ಗಡುವಿನೊಳಗೆ ಜಾಫ್ನಾ ಬಿಟ್ಟವರ ಪ್ರತಿನಿಧಿ ಒಬ್ಬರೂ ಇರಲಿಲ್ಲ. ಆಗ ತಾಯಿಯ ಕೈ ಹಿಡಿದು ನಡೆದ ಮಕ್ಕಳಿಗೆ ಈಗ ನಲವತ್ತು ದಾಟಿದೆ, ಅವರಲ್ಲಿ ಅನೇಕರು ಪುತ್ತಳಂನಲ್ಲೇ ಮನೆ ಕಟ್ಟಿಕೊಂಡಿದ್ದಾರೆ.